ಎಡಗೈಯ ಗೋರಂಟಿ

ನಮ್ಮ ಮನೆಯಲ್ಲಿ ಗೋರಂಟಿಯನ್ನು ಒಂದೂವರೆ ಕೈಗೆ ಹಚ್ಚುತ್ತಿದ್ದರು. ಹೀಗೆಂದರೆ ಯಾರಿಗೂ ಅರ್ಥವಾಗುವುದಿಲ್ಲ, ಬಿಡಿಸಿ ಹೇಳುತ್ತೇನೆ. ಬಲ ಅಂಗೈಯ ನಡುವೆ ದುಂಡಗೆ ಒಂದು ಚಂದ್ರ, ಅದರ ಸುತ್ತ ಚುಕ್ಕಿ, ಐದೂ ಬೆರಳ ತುದಿಗೆ ಟೋಪಿ. ಎಡಗೈಗೆ ಟೋಪಿ ಮಾತ್ರ, ಅಂಗೈ ಬೋಳು. ಲಿಂಗದೀಕ್ಷೆ ಆಗುವ ತನಕ ಮಕ್ಕಳಿಗೆ ಎರಡೂ ಕೈಗೆ ಹಚ್ಚುತ್ತಿದ್ದರು. ದೀಕ್ಷೆಯಾಗಿ ಕೊರಳಿಗೆ ಲಿಂಗ ಬಂದ ಮೇಲೆ ಎಡ ಅಂಗೈಗೆ ಗೋರಂಟಿ ನಿಂತುಹೋಗುತ್ತಿತ್ತು. ಇದು ನಮ್ಮವರೆಲ್ಲರ ಪದ್ಧತಿಯೇ ಎಂದರೆ ಅದೂ ಅಲ್ಲ. ಅಜ್ಜಂಪುರದ ನಮ್ಮ ಬೀದಿಯಲ್ಲಿ ಲಿಂಗವಂತರ ಮನೆಗಳು ಬೇಕಾದಷ್ಟಿದ್ದವು. ಆ ಮನೆಗಳ ಹುಡುಗಿಯರು ಕೊರಳಲ್ಲಿ ಲಿಂಗವಿದ್ದೂ ಎರಡೂ ಕೈ ಕೆಂಪು ಮಾಡಿಕೊಂಡು ಶಾಲೆಗೆ ಬರುತ್ತಿದ್ದರು. ನಾನು ಮಾತ್ರ ಎಡಗೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ಕೂರುತ್ತಿದ್ದೆ. ಅದನ್ನು ಕಂಡುಹಿಡಿದವಳು ಪಕ್ಕದ ಮನೆಯ ಸರೋಜ. ಅಂದಿನಿಂದ ನನಗೆ "ಅರ್ಧ ಮದುಮಗಳು" ಎಂದು ಹೆಸರಾಯಿತು. ಮನೆಯಲ್ಲಿ ಅದಕ್ಕೂ ಮೊದಲೇ ಇನ್ನೊಂದು ಹೆಸರಿತ್ತು. ಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳುತ್ತಿದ್ದೆನಾಗಿ ಅಜ್ಜಿ ನನ್ನನ್ನು ಯಾಕಮ್ಮ ಎಂದೇ ಕರೆಯುತ್ತಿದ್ದಳು. ಶಾಲೆಯ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ಅವಳ ಮುಂದೆಯೇ ಇಳಿಸಿದೆ.

"ಎಡಗೈಗೆ ಯಾಕಜ್ಜಿ ಹಚ್ಬಾರ್ದು?"

"ಅದು ಲಿಂಗದ ಕೈ ಕಣೇ. ನಿಂದಲ್ಲ."

"ಸರೋಜಂಗೂ ಲಿಂಗ ಐತೆ. ಅವ್ಳು ಹಚ್ಕೊಂಡವ್ಳೆ."

"ಅವ್ರ ಮನೆ ಲಿಂಗ ಅವ್ರ ಮನೇದು. ನಮ್ಮನೇದು ನಮ್ಮನೇದು. ಹೋಗು, ಹಸಕ್ಕೆ ಕಲಗಚ್ಚು ಇಟ್ಟು ಬಾ."

ಲಿಂಗಕ್ಕೆ ಮನೆಯಿಂದ ಮನೆಗೆ ರುಚಿ ಬೇರೆ ಇರುತ್ತದೆಯೇ ಎಂದು ಯೋಚಿಸುತ್ತಲೇ ನಾನು ಕಲಗಚ್ಚು ಇಟ್ಟು ಬಂದೆ. ಅಪ್ಪನನ್ನು ಕೇಳಿದರೆ, ಈರುಳ್ಳಿ ವ್ಯಾಪಾರದ ಅವನಿಗೆ ಹೆಂಗಸರ ಕೈಯ ವಿಷಯ ಏನು ಗೊತ್ತು, "ನಿಮ್ಮಜ್ಜಿ ಹೇಳಿದ್ಮೇಲೆ ಮುಗೀತು" ಎಂದ. ಅಮ್ಮನನ್ನು ಕೇಳಿದರೆ ಅವಳು ಅಡಿಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, "ನಂಗೂ ಮದ್ವೆ ಆಗಿ ಬಂದಾಗ ಇದೇ ಹೇಳುದ್ರು" ಎಂದಳು. ಅಷ್ಟರ ಮೇಲೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಅಜ್ಜಿಯ ಎಡಗೈಗೆ ಮನೆಯಲ್ಲಿ ಒಂದು ಬಗೆಯ ದೊಡ್ಡಸ್ತಿಕೆಯಿತ್ತು. ಅದು ಪೊರಕೆ ಹಿಡಿಯುತ್ತಿರಲಿಲ್ಲ, ದುಡ್ಡು ಮುಟ್ಟುತ್ತಿರಲಿಲ್ಲ. ನಡುಮನೆಯ ಕಂಬದ ಹಿಂದೆ, ಈರುಳ್ಳಿ ಮೂಟೆಗಳ ವಾಸನೆ ಬರದಂತೆ ಗೋಣಿತಟ್ಟು ಇಳಿಬಿಟ್ಟ ಒಂದು ಮೂಲೆ ಅವಳದು. ಬೆಳಿಗ್ಗೆ ಮಿಂದು ಅಲ್ಲಿ ಮಣೆ ಹಾಕಿ ಕೂತರೆ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂರುತ್ತಿದ್ದಳು. ಅಷ್ಟಾಗುವವರೆಗೆ ಒಂದು ತೊಟ್ಟು ನೀರು ಕೂಡ ಗಂಟಲಿಗಿಳಿಯುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಅಜ್ಜ ಹೋಗಿದ್ದ. ಬಳೆ ಹೂವು ಕುಂಕುಮ ಎಲ್ಲ ಅವನ ಜೊತೆಗೇ ಹೋಗಿ ಅವಳಿಗೆ ಉಳಿದದ್ದು ಹಣೆಯ ವಿಭೂತಿ ಮತ್ತು ಈ ಎಡಗೈ. ಅದಕ್ಕೇ ಅದರ ಮೇಲೆ ಅಷ್ಟು ಕಾವಲು ಎಂದು ನಾನು ಲೆಕ್ಕ ಹಾಕಿದ್ದೆ.

ಗೋರಂಟಿ ಗಿಡ ಮಾತ್ರ ಅಮ್ಮನದು. ಸಖರಾಯಪಟ್ಟಣದ ತೌರಿನಿಂದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದಳು. "ತೌರಿಂದ ಚಿನ್ನ ತರ್ತಾಳೆ ಅನ್ಕಂಡ್ರೆ ಬೇಲಿ ತಂದ್ಲು" ಎಂದು ಅಜ್ಜಿ ಬಂದವರೆದುರು ಆಡಿಕೊಳ್ಳುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಜಗಳ ಎಂಬುದು ಬಾಯಿಬಿಟ್ಟು ಆಗುತ್ತಿರಲಿಲ್ಲ. ಅಮ್ಮ ಸಾರಿಗೆ ಉಪ್ಪು ಹಾಕಿ ಆಚೆ ಹೋದರೆ ಅಜ್ಜಿ ಬಂದು ಇನ್ನೊಂದು ಚಿಟಿಕೆ ಹಾಕುವಳು. ಇದು ಗೊತ್ತಿದ್ದ ಅಮ್ಮ ಮೊದಲೇ ಕಡಿಮೆ ಹಾಕುವಳು. ಹೀಗೆ ಇಬ್ಬರೂ ಸೇರಿ ಸಾರನ್ನು ಸರಿಯಾಗಿಯೇ ಮಾಡುತ್ತಿದ್ದರು, ಆದರೆ ಒಪ್ಪಿಕೊಳ್ಳುತ್ತಿರಲಿಲ್ಲ.

ಗೋರಂಟಿ ಅರೆಯುವ ದಿನ ನನಗೆ ಹಬ್ಬಕ್ಕಿಂತ ಹೆಚ್ಚು. ಎಲೆ ಬಿಡಿಸುವುದು ನನ್ನ ಪಾಲು. ಅಮ್ಮ ಒರಳಿಗೆ ಎಲೆ ಹಾಕಿ, ಅಡಿಕೆ ಚೂರು, ಕಾಚು, ನಿಂಬೆಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬುತ್ತಿದ್ದಳು. "ಹುಳಿ ಬಿದ್ರೇನೆ ಬಣ್ಣ ಕಚ್ಚೋದು" ಎನ್ನುವುದು ಅವಳ ಮಾತು. ಹಸಿರು ಎಲೆ, ಹಸಿರು ಹಿಟ್ಟು, ಕೈ ಮಾತ್ರ ಕೆಂಪು; ಈ ಕೆಂಪು ಅಲ್ಲಿಯವರೆಗೆ ಎಲ್ಲಿ ಅಡಗಿ ಕೂತಿರುತ್ತದೆ ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಒಂದು ಸಲ ಆ ಗಳಿಗೆಯನ್ನು ಹಿಡಿದೇಬಿಡುತ್ತೇನೆಂದು ಹಠಕ್ಕೆ ಬಿದ್ದೆ. ಟೋಪಿ ಇಟ್ಟ ತಕ್ಷಣ ಕಿರುಬೆರಳಿನದು ಕೆರೆದು ನೋಡಿದೆ, ಏನಿಲ್ಲ. ಸ್ವಲ್ಪ ಬಿಟ್ಟು ಉಂಗುರದ ಬೆರಳು, ತಿಳಿ ಹಳದಿ. ಹೀಗೆ ಹೆಬ್ಬೆರಳಿಗೆ ಬರುವ ಹೊತ್ತಿಗೆ ಐದು ಬೆರಳಿಗೆ ಐದು ಬಣ್ಣವಾಗಿ ಶಾಲೆಯಲ್ಲಿ ಮತ್ತೆ ನಗೆಪಾಟಲಾದೆ. ಆದರೆ ಬಣ್ಣ ಒಂದೇ ಸಲಕ್ಕೆ ಬರುವುದಿಲ್ಲ, ತೊಳೆದ ಮೇಲೂ ಮಾರನೆಯ ದಿನದವರೆಗೆ ಏರುತ್ತಲೇ ಇರುತ್ತದೆ ಎಂದು ಕಲಿತೆ. ಇಂಥ ಸಂಭ್ರಮದ ನಡುವೆ ಅಜ್ಜಿ ನಮಗೆ ಬೆನ್ನು ಮಾಡಿ ಬತ್ತಿ ಹೊಸೆಯುತ್ತಿದ್ದಳು. ಕೈ ಕಟ್ಟಿಹಾಕಿದಂತೆ ಕೂತ ನಮಗೆ ಊಟ ಮಾಡಿಸುವವಳೂ ಅವಳೇ. ಮುದ್ದೆಯನ್ನು ಮುರಿದು ಸೊಪ್ಪಿನ ಸಾರಲ್ಲಿ ಅದ್ದಿ, "ನುಂಗ್ರೇ, ದೊರೆಸಾನೀರಾ" ಎಂದು ಬೈಯುತ್ತ ಬಾಯಿಗಿಡುವಳು. ಅಮ್ಮನ ಬಾಯಿಗೂ ಇಡುವಳು, ಬೇರೆ ಕಡೆ ನೋಡುತ್ತ. ಯಾರ ಅಂಗೈಯನ್ನೂ ದಿಟ್ಟಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮಾತ್ರ, "ಯಾರ್ದು ಜಾಸ್ತಿ ಕೆಂಪಾಯ್ತು?" ಎಂದು ಕೇಳದೆ ಇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಜ್ಜಿಗೆ ಜ್ವರ ಬಂತು. ಡಾಕ್ಟರು ತರೀಕೆರೆಯಿಂದ ಬಂದು ಸೂಜಿ ಚುಚ್ಚಿ, ಮಾತ್ರೆ ಕೊಟ್ಟು ಹೋದರು. ಜ್ವರ ಏರುತ್ತ ಇಳಿಯುತ್ತ ಇತ್ತು, ಆದರೆ ಅಂಗೈ ಅಂಗಾಲಿನ ಉರಿ ಇಳಿಯಲಿಲ್ಲ. ಕೆಂಡ ತುಳಿದವಳ ಹಾಗೆ ಕಾಲನ್ನು ಗೋಡೆಗೆ ಒತ್ತಿಕೊಂಡು ನರಳುವಳು. ಬೆಳಿಗ್ಗೆ ಅಪ್ಪ ಲಿಂಗವನ್ನು ಅವಳ ಕಣ್ಣಿಗೆ ಮುಟ್ಟಿಸಿ, ಆಮೇಲೆ ಗಂಜಿ ಕುಡಿಸುತ್ತಿದ್ದ. ನೋಡುವಷ್ಟು ನೋಡಿ ಅಮ್ಮ, ನಮ್ಮೂರ ಕಡೆ ಉರಿಗೆ ಗೋರಂಟಿ ಹಚ್ಚುತ್ತಾರೆ, ಕಾವು ಎಳೆಯುತ್ತದೆ ಎಂದಳು. ಮಧ್ಯಾಹ್ನ ಬರೀ ಎಲೆಯನ್ನು ಮೊಸರಿನಲ್ಲಿ ಅರೆದು ತಂದು ಅಜ್ಜಿಯ ಅಂಗಾಲಿಗೆ ಮೆತ್ತಿದಳು. ಬಲ ಅಂಗೈಗೆ ಬಳಿದಳು. ಎಡಗೈಯನ್ನು ಮುಟ್ಟಲಿಲ್ಲ. ನಾನು ಬೀಸಣಿಗೆ ಹಿಡಿದು ತಲೆಯ ಹತ್ತಿರ ಕೂತಿದ್ದೆ. ಅಮ್ಮ ಬಟ್ಟಲು ಎತ್ತಿಕೊಂಡು ಏಳಬೇಕು, ಅಷ್ಟರಲ್ಲಿ ಅಜ್ಜಿ ಮುಚ್ಚಿದ ಕಣ್ಣು ತೆರೆಯದೆ ಎಡಗೈಯನ್ನು ಮೇಲೆತ್ತಿ ಅಂಗೈ ಬಿಡಿಸಿ ಹಿಡಿದಳು.

"ಅವ್ವಾ, ಈ ಕೈ."

"ಅತ್ತೆ, ನಾನು ಶಾರದ."

"ಈ ಕೈಗೂ ಹಚ್ಚವ್ವ. ಅವ್ರು ಬರೋಕ್ ಮುಂಚೆ ಹಚ್ಬಿಡು. ಚುಕ್ಕಿ ಇಡು."

ಅಮ್ಮ ಎದ್ದು ಬಾಗಿಲ ಕಡೆ ಒಮ್ಮೆ ನೋಡಿದಳು. ಅಜ್ಜಿ ಎತ್ತಿದ ಕೈ ಇಳಿಸಲಿಲ್ಲ.

"ಯಾರಮ್ಮ ಬರೋದು?" ಎಂದೆ.

"ಬಾಯ್ಮುಚ್ಚು. ಅವ್ರ ತಾಯಿನ ಕರೀತಾವ್ರೆ" ಎಂದಳು ಅಮ್ಮ. ಮತ್ತೆ ಕೂತು ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಗೆ ಬಳಿದ ಹಾಗೆ ಔಷಧಿಯಂತೆ ಬಳಿಯದೆ, ದುಂಡಗೆ ಒಂದು ಚಂದ್ರ ಮಾಡಿದಳು. ತೆಂಗಿನಗರಿಯ ಸಣ್ಣ ಕಡ್ಡಿ ತರಿಸಿ ಸುತ್ತ ಚುಕ್ಕಿ ಇಟ್ಟಳು. ಮದುವೆಯ ಹೆಣ್ಣಿಗೂ ಅಮ್ಮ ಅಷ್ಟು ಒಪ್ಪವಾಗಿ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅಜ್ಜಿ ಹಾಗೇ ನಿದ್ದೆ ಹೋದಳು. ಸಂಜೆ ಅವಳಿಗೆ ಎಚ್ಚರವಾಗದ ಹಾಗೆ ಅಮ್ಮ ಒಣಗಿದ್ದನ್ನು ಉದುರಿಸಿ ಕೊಬ್ಬರಿ ಎಣ್ಣೆಯಿಂದ ಒರೆಸಿದಳು.

ಬೆಳಿಗ್ಗೆ ಜ್ವರವೂ ಇರಲಿಲ್ಲ, ಉರಿಯೂ ಇರಲಿಲ್ಲ. ಅಜ್ಜಿ ತಾನೇ ಎದ್ದು ಬಚ್ಚಲಿಗೆ ಹೋದದ್ದನ್ನು ಕಂಡು ಅಪ್ಪ ಸಂತೋಷದಿಂದ ಮೂಟೆ ಎಣಿಸುವುದನ್ನೇ ಮರೆತ. ಮಿಂದು ಬಂದು ಮಣೆಯ ಮೇಲೆ ಕೂತು, ಕರಡಿಗೆ ಬಿಚ್ಚಿ, ಎಡ ಅಂಗೈ ಚಾಚಿದಳು. ಬಚ್ಚಲ ಕತ್ತಲೆಯಲ್ಲಿ ಕಾಣದ್ದು ಅಲ್ಲಿ ಕಂಡಿತು. ಚಂದ್ರ ಕಡುಗೆಂಪಾಗಿ ಏರಿತ್ತು.

"ಯಾರೇ ಈ ಕೆಲ್ಸ ಮಾಡಿದ್ದು?"

"ನಾನೇ ಅತ್ತೆ" ಎಂದಳು ಅಮ್ಮ. "ಉರಿ ಅಂತ ಹಚ್ಚಿದೆ."

"ಉರಿಗೆ ಚುಕ್ಕಿ ಯಾಕೆ ಇಟ್ಟೆ?"

ಅಮ್ಮ ನೆಲಕ್ಕೆ ಬಿದ್ದ ಬಿಲ್ವಪತ್ರೆ ಆಯತೊಡಗಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನೀವೇ ಕೇಳಿದಿರಿ ಎಂದು ಒಂದು ಮಾತು ಹೇಳಿದರೆ ಮುಗಿಯಿತಲ್ಲ, ಯಾಕೆ ಹೇಳುತ್ತಿಲ್ಲ ಎಂದು ನನಗೆ ತಲೆ ಕೆಟ್ಟುಹೋಯಿತು. ಬಾಯಿ ತೆರೆದೆ, ಅಮ್ಮ ಕಣ್ಣಲ್ಲೇ ಮುಚ್ಚಿಸಿದಳು. ಅಜ್ಜಿ ಲಿಂಗವನ್ನು ಮತ್ತೆ ಕರಡಿಗೆಗೆ ಸೇರಿಸಿ ಎದ್ದು ಹುಣಸೆಹಣ್ಣು ತಂದು ಕೈ ತಿಕ್ಕತೊಡಗಿದಳು.

"ಅತ್ತೆ, ಹುಳಿ ಹಾಕ್ಬೇಡಿ. ಇನ್ನೂ ಕೆಂಪಾಗ್ತದೆ."

"ನಂಗೇ ಹೇಳ್ಕೊಡಕ್ಕೆ ಬಂದ್ಯಾ? ತಾಮ್ರದ ಚೊಂಬು ಬೆಳ್ಳಗೆ ಮಾಡೋ ಹುಣಸೆಹಣ್ಣು ಇದು."

ಹುಣಸೆಹಣ್ಣಿನ ಮೇಲೆ ನಿಂಬೆಹೋಳು, ಅದರ ಮೇಲೆ ಬೂದಿ. ತಿಕ್ಕಿದಷ್ಟೂ ಚಂದ್ರ ಚೊಂಬಿನ ಹಾಗೇ ಫಳಫಳ ಹೊಳೆಯಿತು. ಕೊನೆಗೆ ಅಂಗೈ ಉರಿಯತೊಡಗಿ ಅಜ್ಜಿ ಕಂಬಕ್ಕೆ ಒರಗಿ ಕೂತಳು. ಈ ಕೈ ಬೆಳ್ಳಗಾಗುವವರೆಗೆ ಪೂಜೆ ಇಲ್ಲ, ಪೂಜೆ ಇಲ್ಲದೆ ನೀರಿಲ್ಲ ಎಂದಳು. ಗೋರಂಟಿ ಬೆಳ್ಳಗಾಗಲು ಎಷ್ಟು ದಿನ ಬೇಕು ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಜ್ವರದಲ್ಲಿ ಸೊರಗಿದ ಮುದುಕಿ, ಬೇಸಿಗೆಯ ಬಿಸಿಲು. ಅಪ್ಪ ಬೇಡಿಕೊಂಡ, ಆಮೇಲೆ ಕೂಗಾಡಿದ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ತುಟಿಗಳು ಒಣಗಿ ಬಿಳಿಚಿಕೊಂಡವು. ಗೋಡೆಯಾಚೆಯಿಂದ ಸರೋಜಳ ಅಮ್ಮ, "ಸೊಸೆ ಏನೋ ಮಾಡಿ ಅತ್ತೆ ಬಾಯಿಗೆ ಬೀಗ ಹಾಕವ್ಳಂತೆ" ಎಂದದ್ದು ಅಡಿಗೆಮನೆಗೆ ಚೆನ್ನಾಗಿಯೇ ಕೇಳಿಸಿತು. ಅಮ್ಮ ಒಲೆಯ ಮೇಲಿದ್ದ ಗಂಜಿಗೆ ಆಗಾಗ ಬಿಸಿನೀರು ಬೆರೆಸುತ್ತ ಅಲ್ಲೇ ನಿಂತಿದ್ದಳು. ಅವಳಿಗೂ ಅಂದು ಊಟವಿಲ್ಲ. ಅಜ್ಜಿ ಸತ್ತುಹೋದರೆ ಅಮ್ಮನೇ ಕೊಂದಂತಾಗುತ್ತದೆ ಎಂದು ನನಗೆ ಹೆದರಿಕೆ ಹತ್ತಿತು.

ಅಪ್ಪ ಹೋಗಿ ಮಠದ ಅಯ್ಯನವರನ್ನು ಕರೆತಂದ. ನಮ್ಮ ಮನೆಯವರಿಗೆಲ್ಲ ದೀಕ್ಷೆ ಕೊಟ್ಟ ವಯಸ್ಸಾದವರು. ಚಾಪೆಯ ಮೇಲೆ ಕೂತು, ಅಜ್ಜಿಯ ಕೈಯನ್ನು ತಿರುಗಿಸಿ ನೋಡಿದರು.

"ಬಣ್ಣ ಅಲ್ವೇನಮ್ಮ ಗೌರಮ್ಮ, ಮೈಲಿಗೆ ಏನ್ ಬಂತು? ಲಿಂಗ ಇಟ್ಕೊಂಡು ಪೂಜೆ ಮಾಡು."

"ಎಡಗೈಗೆ ಹಚ್ಬಾರ್ದು ಅಂತ ಐತಲ್ಲ ಅಯ್ನೋರೆ."

"ಯಾರ್ ಹೇಳುದ್ರು? ನಾನಂತೂ ಹೇಳಿಲ್ಲ."

ಅಜ್ಜಿ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಇಷ್ಟೂ ಹೊತ್ತು ನುಂಗಿಕೊಂಡಿದ್ದನ್ನು ಆಡಿಬಿಟ್ಟಳು.

"ಗಂಡ ಸತ್ತೋಳ ಕೈಲಿ ಚಂದ್ರ, ಸುತ್ತ ಚುಕ್ಕಿ. ಬೀದಿಯೋರು ನೋಡುದ್ರೆ ಏನಂತಾರೆ? ಮುದುಕಿಗೆ ಆಸೆ ಅನ್ನಲ್ವಾ? ಬೇಕೂ ಅಂತ ಮಾಡವ್ಳೆ ಇವ್ಳು, ನನ್ನ ಆಡ್ಕೊಳ್ಲಿ ಅಂತ."

ಅಡಿಗೆಮನೆಯ ಬಾಗಿಲಲ್ಲಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ಅಮ್ಮ ಅಲ್ಲ ಅಜ್ಜಿ, ನೀನೇ ಕೇಳಿದ್ದು."

"ನಾನಾ?"

"ಹೂಂ. ನೀನೇ ಕೈ ಎತ್ತಿ ಹಿಡ್ದೆ. ಅವ್ವಾ, ಈ ಕೈಗೂ ಹಚ್ಚವ್ವ, ಅವ್ರು ಬರೋಕ್ ಮುಂಚೆ ಹಚ್ಬಿಡು, ಚುಕ್ಕಿ ಇಡು ಅಂದೆ."

ಅಜ್ಜಿಯ ಮುಖ ಒಂದು ಕ್ಷಣ ಚಿಕ್ಕ ಹುಡುಗಿಯದಾಯಿತು. ಅಮ್ಮನ ಕಡೆ ತಿರುಗಿ, "ಹೌದೇನೇ?" ಎಂದಳು.

"ಜ್ವರದಲ್ಲಿ ಏನೋ ಅಂದ್ರಿ, ಬಿಡಿ ಅತ್ತೆ" ಎಂದಳು ಅಮ್ಮ.

ಅಯ್ಯನವರು ಲೋಕ ಕಂಡವರು. "ಈ ಸಲದ ಈರುಳ್ಳಿ ಹೆಂಗೈತಪ್ಪ, ತೋರ್ಸು" ಎಂದು ಅಪ್ಪನನ್ನು ಎಬ್ಬಿಸಿಕೊಂಡು ಜಗುಲಿಗೆ ನಡೆದರು. ನನ್ನನ್ನು ಹೋಗೆಂದು ಯಾರೂ ಹೇಳಲಿಲ್ಲ, ನಾನೂ ಹೋಗಲಿಲ್ಲ. ಅಜ್ಜಿ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಅದಕ್ಕೇ ಹೇಳುವವಳಂತೆ ಹೇಳತೊಡಗಿದಳು.

"ತೌರು ಪಂಚನಹಳ್ಳೀಲಿ, ಈ ಮನೆಯೋರು ಬಂದು ಗಾಡಿ ಹತ್ತಿಸೋಕ್ ಮುಂಚೆ ನಮ್ಮವ್ವ ಎರಡೂ ಕೈಗೆ ಹಚ್ಚಿದ್ಳು. ನಂಗಾಗ ಇವಳಷ್ಟೇ ವಯಸ್ಸು. ಇಲ್ಲಿ ಹೊಸ್ಲು ದಾಟಿದ್ದೇ ತಡ, ನಮ್ಮತ್ತೆ ಎಡಗೈ ಹಿಡ್ಕೊಂಡು, ಇದು ಲಿಂಗದ ಕೈ, ಇದಕ್ಕೆ ಯಾರ್ ಹಚ್ಚಿದ್ದು ಅಂತ ಬೂದಿ ಹಾಕಿ ತಿಕ್ಕುದ್ರು. ಹೋಗ್ಲಿಲ್ಲ. ಮಾರನೆ ದಿನಾನೂ ತಿಕ್ಕುದ್ರು. ಚರ್ಮ ಕಿತ್ತು ಬಂತು. ಮುಂದಿನ ಹಬ್ಬಕ್ಕೆ ತೌರಿಗೆ ಹೋಗೋ ಹೊತ್ಗೆ ಅವ್ವ ಇರ್ಲಿಲ್ಲ. ಅವ್ಳು ಹಚ್ಚಿದ್ದು ಒಂದು ಕೈದು ಉಳೀಲೇ ಇಲ್ಲ ನಂಗೆ."

"ಮತ್ತೆ ನಮ್ಗೂ ಯಾಕತ್ತೆ..." ಎಂದು ಅಮ್ಮ ಅರ್ಧಕ್ಕೇ ನಿಲ್ಲಿಸಿದಳು.

"ನಂಗೆ ಗೊತ್ತಿದ್ದದ್ದು ಅದೇ ಅಲ್ವೇನೇ" ಎಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿದ್ದು ನಾನು ಅಂತ ಬೆಳಿಗ್ಗೇನೆ ಹೇಳ್ಬೋದಿತ್ತು ನೀನು."

"ಎಲ್ರ ಮುಂದೆ ಹೆಂಗ್ ಹೇಳ್ಲಿ ಅತ್ತೆ?"

ಅಮ್ಮ ಯಾಕೆ ಬಾಯಿ ಬಿಡಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಅತ್ತೆಯ ಆಸೆಯನ್ನು ಹೊರಗೆ ಹಾಕುವುದಕ್ಕಿಂತ ತಾನು ಕೆಟ್ಟವಳಾಗುವುದೇ ವಾಸಿ ಎಂದುಕೊಂಡಿದ್ದಳು. ಸಾರಿನ ಉಪ್ಪಿಗೆ ಜಿದ್ದು ಮಾಡುವ ಹೆಂಗಸು ಇವಳೇನಾ ಎಂದು ಅಮ್ಮನನ್ನು ಹೊಸದಾಗಿ ನೋಡಿದೆ. ಅಂದಿನಿಂದ ನನಗೆ ಅಮ್ಮನ ಮೇಲೆ ಪ್ರೀತಿಗಿಂತ ಬೇರೆಯಾದ ಒಂದು ಗೌರವ ಹುಟ್ಟಿತು, ಅದು ಈಗಲೂ ಇದೆ.

ಅಜ್ಜಿ ಕಂಬ ಹಿಡಿದು ಎದ್ದಳು. "ಶಾರ್ದಾ, ಚೊಂಬಿಗೆ ಒಳ್ಳೆ ನೀರು ತಾ" ಎಂದಳು. ಮೂಲೆಯಲ್ಲಿ ಕೂತು, ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈ ಮೇಲಿಟ್ಟಳು. ಅದು ಅಳತೆ ನೋಡಿ ಮಾಡಿದ ಹಾಗೆ ಆ ಚಂದ್ರದ ಮೇಲೆಯೇ ಕೂತಿತು, ಸುತ್ತ ಚುಕ್ಕಿ. ಅಮ್ಮ ನೀರೆರೆದಳು. ಅಜ್ಜಿ ಅಂದು ದಿನಕ್ಕಿಂತ ಹೆಚ್ಚು ಹೊತ್ತು ನೋಡುತ್ತ ಕೂತಳು. ಲಿಂಗವನ್ನು ನೋಡುತ್ತಿದ್ದಳೋ ಚುಕ್ಕಿಯನ್ನೋ ನಾನು ಹೇಳಲಾರೆ. ಆಮೇಲೆ ಅಂಗೈಯ ತೀರ್ಥ ಕುಡಿದು, ಗಂಜಿ ಕುಡಿದು, "ಉಪ್ಪು ಕಮ್ಮಿ" ಎಂದಳು. ಅಮ್ಮ ಅಳುತ್ತಲೇ ನಕ್ಕಳು.

ಆ ಚಂದ್ರ ಮಾಸುವವರೆಗೆ ಬೀದಿಯವರು ಬಂದಾಗಲೆಲ್ಲ ಅಜ್ಜಿ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಶಾಲೆಯಲ್ಲಿ ನಾನು ಬೋಳುಗೈ ಬಚ್ಚಿಟ್ಟುಕೊಂಡರೆ ಮನೆಯಲ್ಲಿ ಅವಳು ಕೆಂಪುಗೈ ಬಚ್ಚಿಟ್ಟುಕೊಳ್ಳುತ್ತಿದ್ದಳು. ಮತ್ತೆ ಎಂದೂ ತನಗೆ ಹಚ್ಚು ಎಂದು ಕೇಳಲಿಲ್ಲ, ಹಚ್ಚುತ್ತೇನೆಂದರೂ ಬೇಡವೆಂದಳು.

ಆಷಾಢದಲ್ಲಿ ಮಳೆ ಬಿದ್ದು ಗಿಡ ಚಿಗುರಿತು. ಅಮ್ಮ ಅರೆದು ಬಟ್ಟಲು ತಂದಿಟ್ಟಾಗ, ಬೆನ್ನು ಮಾಡಿ ಕೂರುತ್ತಿದ್ದ ಅಜ್ಜಿ ಬತ್ತಿಯ ತಟ್ಟೆ ಸರಿಸಿ ನಮ್ಮ ಕಡೆ ತಿರುಗಿದಳು. "ತಾ ಇಲ್ಲಿ" ಎಂದು ಬಟ್ಟಲನ್ನು ಎಳೆದುಕೊಂಡು ಮೊದಲು ಅಮ್ಮನ ಎಡಗೈ ಹಿಡಿದಳು. ಮದುವೆಯಾಗಿ ಬಂದಂದಿನಿಂದ ಬೋಳಾಗಿದ್ದ ಅಂಗೈ ಅದು. ಅಮ್ಮ ಕೈಯನ್ನು ಹಿಂದಕ್ಕೆಳೆದಳು.

"ಅತ್ತೆ, ಪೂಜೆ..."

"ನನ್ ಕೈಮೇಲೆ ಕೂತ ಲಿಂಗ ನಿನ್ ಕೈಮೇಲೆ ಕೂರಲ್ವಾ? ನೆಟ್ಟಗೆ ಹಿಡಿ ಕಣೇ, ಚಂದ್ರ ಸೊಟ್ಟಗಾಗ್ತದೆ."

ಅಮ್ಮನದು ಮುಗಿಸಿ ನನ್ನದು. ಅಂದಿನಿಂದ ನಮ್ಮ ಮನೆಯಲ್ಲಿ ಗೋರಂಟಿ ಹಚ್ಚುವ ಕೆಲಸವನ್ನು ಅಜ್ಜಿ ಯಾರಿಗೂ ಬಿಟ್ಟುಕೊಡಲಿಲ್ಲ. ಊರಿಗೆ ಗೋರಂಟಿ ತುಂಬಿದ ಕೋನುಗಳು ಬಂದ ಮೇಲೂ, "ಅದೇನು ಹಲ್ಲುಜ್ಜೋ ಪೇಸ್ಟಾ" ಎಂದು ಮೂಗು ಮುರಿದು ಬೆರಳಿನಿಂದಲೇ ಹಚ್ಚುತ್ತಿದ್ದಳು. ಆ ಆಷಾಢದ ದಿನ ಎಲ್ಲ ಮುಗಿದಾಗ ಅವಳ ಬಲಗೈಯ ಬೆರಳುಗಳಿಗೆ ಹಸಿರು ಮೆತ್ತಿಕೊಂಡಿತ್ತು. ನಾನು ಜಾಣೆಯ ಹಾಗೆ ಎಚ್ಚರಿಸಿದೆ.

"ಅಜ್ಜಿ, ಬೇಗ ಕೈ ತೊಳ್ಕೊ. ನಿಂದೂ ಕೆಂಪಾಗ್ತದೆ."

"ತೊಳ್ಕೊತೀನಿ ಬಿಡೇ. ಏನ್ ಅವಸ್ರ?"

ಅವಳು ಹಿತ್ತಲ ಬಾಗಿಲಲ್ಲಿ ಕೂತು ಗಿಡದ ಕಡೆ ನೋಡುತ್ತ ಬೆರಳುಗಳನ್ನು ಗಾಳಿಗೆ ಹಿಡಿದುಕೊಂಡಳು. ಹಸಿರು ಒಣಗಿತು, ಬಿರುಕು ಬಿಟ್ಟಿತು, ತಾನಾಗಿ ಉದುರತೊಡಗಿತು. ಪಕ್ಕದಲ್ಲೇ ನೀರಿನ ಚೊಂಬು ಇತ್ತು. ಜನ್ಮದಲ್ಲಿ ಮೊದಲ ಸಲ ನಾನು ಯಾಕೆ ಎಂದು ಕೇಳಲಿಲ್ಲ.